ಕರಿ ಹ್ಯಾಟಿಗೆ ಊದಿದ ಉಸಿರು

ಹೋದ ವಾರ ಅಂಗನವಾಡಿಗೆ ಬೀಗ ಹಾಕಿ ಮನೆಗೆ ಬಂದರೆ ಹೊಸ್ತಿಲಲ್ಲೇ ಆ ವಾಸನೆ ಮೂಗಿಗೆ ಬಡಿಯಿತು. ಭತ್ತದ ಹೊಟ್ಟು, ಹಿಕ್ಕೆ, ಹಸಿ ತುಪ್ಪಳ ಎಲ್ಲ ಸೇರಿದ ಬೆಚ್ಚನೆಯ ವಾಸನೆ. ಕೋಳಿ ಸಾಕಿದವರು ಅದನ್ನು ಸಾಯುವತನಕ ಮರೆಯುವುದಿಲ್ಲ. ನಮ್ಮ ಮನೆಯಲ್ಲಿ ಶಿಲ್ಪಾ ಹುಟ್ಟಿದ ವರ್ಷದಿಂದ ಕೋಳಿ ಎಂಬ ಜೀವ ಅಂಗಳಕ್ಕೂ ಬಂದಿಲ್ಲ. ಹಬ್ಬ ಬರಲಿ, ಬೀಗರು ಬರಲಿ, ನಾವು ಮುಟ್ಟಿಲ್ಲ.

ಶಿಲ್ಪಾ ನನ್ನ ಮೈದುನನ ಮಗಳು. ಹೈಸ್ಕೂಲಿಗೆ ಹೋಗುತ್ತಾಳೆ. ಹುಟ್ಟಿದಾಗಿನಿಂದ ನನ್ನ ಮಡಿಲಲ್ಲೇ ಬೆಳೆದವಳು, ನನ್ನನ್ನು ದೊಡ್ಡವ್ವ ಎನ್ನುತ್ತಾಳೆ. ಮಹಿಳಾ ಸಂಘದವರು ಹಂಚಿದ ಕೋಳಿ ಮರಿಗಳನ್ನು ರಟ್ಟಿನ ಡಬ್ಬಿಯಲ್ಲಿ ತಂದು ಪಡಸಾಲೆಯಲ್ಲಿ ಇಟ್ಟುಕೊಂಡು ಕೂತಿದ್ದಳು. ಅದರಲ್ಲಿ ಒಂದು ಮರಿ ಕತ್ತು ಚೆಲ್ಲಿತ್ತು. ಇವಳು ಅದನ್ನು ಅಂಗೈಯಲ್ಲಿ ಹಿಡಿದು, ಕೊಕ್ಕು ಬಿಡಿಸಿ, ತುಟಿ ಹಚ್ಚಿ ಊದುತ್ತಿದ್ದಳು.

ನಾನು ಕಾಲಿನ ಚಪ್ಪಲಿ ಸಹ ಬಿಡಲಿಲ್ಲ. ಹೋದವಳೇ ಅವಳ ಕೈಮೇಲೆ ಫಟ್ಟನೆ ಹೊಡೆದೆ. ಮರಿ ಹಾರಿ ಡಬ್ಬಿಯೊಳಗೆ ಬಿತ್ತು. ನಾನು ಮೊದಲಿಂದಲೂ ಬಾಯಿ ಜೋರಿನವಳು, ಊರಿಗೇ ಗೊತ್ತು. ಆದರೆ ಆ ಹುಡುಗಿಯ ಮೇಲೆ ಎಂದೂ ಕೈ ಎತ್ತಿದವಳಲ್ಲ. ಅವಳು ನೋವಿಗಿಂತ ಹೆಚ್ಚಾಗಿ ಬೆರಗಿನಿಂದ ನನ್ನ ಮುಖ ನೋಡಿದಳು.

"ಯಾಕ ದೊಡ್ಡವ್ವ? ಮರಿ ಸುಸ್ತಾತಂದ್ರ ಎಲ್ಲಾರೂ ಹಿಂಗ ಮಾಡ್ತಾರಲ್ಲ?"

"ಎಲ್ಲಾರೂ ಮಾಡ್ಲಿ. ನೀ ಮಾಡಬ್ಯಾಡ. ಮೊದಲ ಹೋಗಿ ಬಾಯಿ ತೊಳಿ, ಸಬಕಾರ ಹಚ್ಚಿ ತೊಳಿ!"

ನನ್ನ ದನಿ ನನಗೇ ಪರಕೀಯವಾಗಿ ಕೇಳಿತು. ಕಂಬಕ್ಕೆ ಆತುಕೊಂಡು ಕೂತಿದ್ದ ನಮ್ಮ ಅತ್ತೆ ಹುಲಿಗೆವ್ವ ದನಿ ಬಂದತ್ತ ಮುಖ ತಿರುಗಿಸಿದಳು. ಅವಳಿಗೆ ಈಗ ಕಣ್ಣು ಮಂಜು, ಕಿವಿ ಮಾತ್ರ ಚುರುಕು. ಅವಳ ಬಲಗೈ ಮೆಲ್ಲಗೆ ಮೇಲೆದ್ದು ತನ್ನ ಕತ್ತನ್ನೇ ಮುಟ್ಟಿ ನೋಡಿತು. ಜ್ವರ ಇದೆಯೇ ಎಂದು ನೋಡಿಕೊಳ್ಳುವ ಹಾಗೆ. ಆ ಕೈಯನ್ನು ನೋಡಿದ್ದೇ ತಡ, ಇಷ್ಟು ವರ್ಷ ಅದುಮಿಟ್ಟುಕೊಂಡಿದ್ದ ಆ ಬೇಸಿಗೆ ಇಡೀ ಎದ್ದು ಬಂತು.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆ ಎನ್ನುತ್ತಾರೆ. ಆ ವರ್ಷ ಅದಕ್ಕೂ ಮೊದಲೇ ಹೋಗಿತ್ತು. ನಮ್ಮೂರು ಹಿಟ್ನಾಳದಿಂದ ಕಾಲುವೆ ಹಿಡಿದು ಒಳಗೆ ಬಂದರೆ ಸಿಗುತ್ತದೆ. ಒಂದು ಕಡೆ ಭತ್ತದ ಗದ್ದೆ, ಇನ್ನೊಂದು ಕಡೆ ಬರೀ ಬಂಡೆ. ಬಿಸಿಲು ಬಿದ್ದರೆ ಆ ಬಂಡೆ ಕಾದು ರಾತ್ರಿಯೆಲ್ಲ ಊರಿನ ಮೇಲೆ ಶಕೆ ಬಿಡುತ್ತದೆ. ಹೆದ್ದಾರಿಯ ಹತ್ತಿರ ಯಾರೋ ದೊಡ್ಡವರ ಕೋಳಿ ಶೆಡ್ಡುಗಳಿದ್ದವು. ಸಂಜೆ ಗಾಳಿ ತಿರುಗಿದರೆ ಅವುಗಳ ವಾಸನೆ ನಮ್ಮ ಊಟದ ತಾಟಿಗೇ ಬಂದು ಕೂಡುತ್ತಿತ್ತು. ಬೈದುಕೊಂಡೇ ಉಣ್ಣುತ್ತಿದ್ದೆವು.

ಆಗ ಮನೆಯಲ್ಲಿ ನಾನು, ನಮ್ಮವರು, ಅತ್ತೆ, ಮೈದುನ ಯಮನೂರಪ್ಪ ಮತ್ತು ಅವನ ಹೆಂಡತಿ ರೇಣವ್ವ. ರೇಣವ್ವ ತಳಕಲ್ಲಿನವಳು, ಅತ್ತೆಯ ಖಾಸಾ ಅಣ್ಣನ ಮಗಳು. ತವರಿನ ರಕ್ತ ಎಂದರೆ ಕೇಳಬೇಕೇ, ಅತ್ತೆಗೆ ಅವಳು ಸೊಸೆಯಲ್ಲ, ಮಗಳು. ನನಗೆ ಮೊದಮೊದಲು ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಆ ಹುಡುಗಿಯ ಮೇಲೆ ಬಹಳ ದಿನ ಸಿಟ್ಟು ಇಟ್ಟುಕೊಳ್ಳಲು ಆಗುತ್ತಿರಲಿಲ್ಲ. ನಾನು ಬೈದರೆ ನಗುವಳು. ಇನ್ನೂ ಬೈದರೆ ಬಂದು ತೆಕ್ಕೆ ಬೀಳುವಳು. "ಅಕ್ಕಾ, ನಿನ್ನ ಬಾಯಿ ಮೆಣಸಿನಕಾಯಿ, ಹೊಟ್ಟಿ ಬೆಲ್ಲ" ಎನ್ನುವಳು.

ಅವಳಿಗೆ ಎರಡು ಸಲ ಹೊಟ್ಟೆ ನಿಂತು ಇಳಿದುಹೋಗಿತ್ತು. ಮೂರನೆಯ ಸಲ ನಿಂತಾಗ ಅತ್ತೆ ಒಂದು ಕರಿಯ ಎಳೆ ಹ್ಯಾಟಿಯನ್ನು, ಅಂದರೆ ಹೆಣ್ಣು ಕೋಳಿಯನ್ನು, ಬಗಲಲ್ಲಿಟ್ಟುಕೊಂಡು ದ್ಯಾಮವ್ವನ ಕಟ್ಟೆಗೆ ಹೋದಳು. ಅದರ ಕಾಲಿಗೆ ಅರಿಶಿಣದ ದಾರ ಕಟ್ಟಿ, "ಕೂಸು ಕೈಗೆ ಬಂದ ದಿನ ಇದು ನಿನ್ನದು ತಾಯಿ. ಅಲ್ಲೀತನ ನಾವು ಕಾಯ್ತೀವಿ" ಎಂದು ಬೇಡಿಕೊಂಡು ಬಂದಳು. ನಮ್ಮ ಕಡೆ ಹರಕೆಯ ಕೋಳಿ ಎಂದರೆ ಅದು ಮನೆಯ ಕೋಳಿಯಲ್ಲ, ದೇವಿಯ ಸೊತ್ತು. ಅದನ್ನು ಮಾರುವಂತಿಲ್ಲ, ಹೊಡೆಯುವಂತಿಲ್ಲ, ಅದರ ತತ್ತಿ ತಿನ್ನುವಂತಿಲ್ಲ. ಹರಕೆ ತೀರುವ ಮೊದಲೇ ಅದು ಸತ್ತರೆ? ಆ ಮಾತನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಎಲ್ಲರಿಗೂ ಗೊತ್ತಿರುತ್ತದೆ, ಯಾವ ಜೀವಕ್ಕೆ ಬೇಡಿಕೊಂಡಿದ್ದೋ ಆ ಜೀವವೂ ಅದರ ಬೆನ್ನು ಹಿಡಿಯುತ್ತದೆ ಎಂದು.

ಆ ಹ್ಯಾಟಿ ಮನೆತುಂಬ ಗೌಡರ ಮನೆಯ ಗೌಡಶ್ಯಾನಿಯ ಹಾಗೆ ಓಡಾಡುತ್ತಿತ್ತು. ಒಲೆಯ ಮುಂದೆ ಬಂದು ನಿಂತರೂ ಹುಶ್ ಅನ್ನುವಂತಿಲ್ಲ.

"ಅತ್ತಿ, ನನಗಿಂತ ಈ ಹ್ಯಾಟಿಗೆ ಮರ್ಯಾದಿ ಹೆಚ್ಚಾತಲ್ಲ" ಎಂದೆ ಒಮ್ಮೆ.

"ನೀ ದ್ಯಾಮವ್ವಗ ಸಲ್ಲಾಕಿ ಅಲ್ಲಲ್ಲ, ಅದಕ" ಎಂದಳು ಅತ್ತೆ. ರೇಣವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಏಳು ತಿಂಗಳು ತುಂಬಿತು. ಕುಬಸ ಎಂಬ ಸೀಮಂತದ ಕಾರ್ಯ ಮಾಡಿ ಕೈತುಂಬ ಹಸಿರು ಬಳೆ ಇಡಿಸಿದೆವು. ಹೋಳಿ ಹುಣ್ಣಿಮೆ ಆದಮೇಲೆ ಅವಳ ಅಣ್ಣ ಬಂದು ಬಾಣಂತನಕ್ಕೆ ತಳಕಲ್ಲಿಗೆ ಕರೆದೊಯ್ಯುವುದು ಎಂದಾಯಿತು. ಅವಳು ಆಗಲೇ ಸೀರೆ ಮಡಚಿ ಚೀಲ ತುಂಬಿಟ್ಟಿದ್ದಳು. ತವರಿಗೆ ಹೋಗುವ ಹೆಣ್ಣಿಗೆ ಆತುರ ಇದ್ದೇ ಇರುತ್ತದೆ.

ಅಷ್ಟರಲ್ಲಿ ಶೆಡ್ಡಿನ ಕೋಳಿಗಳು ಸಾಯಲಿಕ್ಕೆ ಹತ್ತಿದವು. ಮೊದಲು ಬಿಸಿಲಿಗೆ ಎಂದರು. ಸತ್ತವನ್ನು ಯಾರೋ ಕಾಲುವೆ ದಂಡೆಗೆ ಚೆಲ್ಲಿ ಹೋಗುತ್ತಿದ್ದರು. ನಾಯಿ ಎಳೆದಾಡಿದವು, ಊರ ಕೋಳಿಗಳು ಅಲ್ಲೇ ಕೆದರಿದವು. ನೋಡನೋಡುತ್ತ ಊರೊಳಗೂ ಶುರುವಾಯಿತು. ಮುಂಜಾನೆ ಕಾಳಿಗೆ ಬಂದ ಕೋಳಿ ಮಧ್ಯಾಹ್ನಕ್ಕೆ ಜುಟ್ಟು ನೀಲಿಯಾಗಿ, ಜೊಲ್ಲು ಸುರಿಸಿ, ಕತ್ತು ತಿರುಚಿ ಬೀಳುತ್ತಿತ್ತು. ಮಂದಿ ಬೂದಿ ಹಚ್ಚಿದರು, ಬೆಳ್ಳುಳ್ಳಿ ತಿನ್ನಿಸಿದರು. ಕೆಲವರು, ಹ್ಯಾಗೂ ಸಾಯುತ್ತದೆ ಎಂದು ಕೊಯ್ದು ತಿಂದರು. ನಾನು ಬೈದೆ. ಅವರು ನಕ್ಕರು.

ಆಮೇಲೆ ಸರ್ಕಾರದ ಜೀಪು ಬಂತು. ಕೋಳಿ ಜ್ವರ ಮನುಷ್ಯರಿಗೂ ಅಂಟುತ್ತದೆ, ಊರಿನಲ್ಲಿ ಒಂದು ಕೋಳಿಯೂ ಉಳಿಯಬಾರದು ಎಂದು ಡಂಗುರ ಹೊಡೆಸಿದರು. ಮೈತುಂಬ ಬಿಳಿ ಅಂಗಿ, ಕಣ್ಣಿಗೆ ಕನ್ನಡಕ, ಮುಖಕ್ಕೆ ಮುಸುಕು ಹಾಕಿಕೊಂಡ ಮಂದಿ ಇಳಿದರು. ಅಂಗನವಾಡಿಯವಳು ಎಂದು ನನ್ನನ್ನೂ ಮನೆಮನೆಗೆ ಕರೆದೊಯ್ದರು. ಹೆಂಗಸರಿಗೆ ತಿಳಿಸಿ ಹೇಳುವ ಕೆಲಸ ನನ್ನದು.

"ಕೊಡ್ರಿ ಯವ್ವಾ, ಜೀವಕ್ಕಿಂತ ಕೋಳಿ ದೊಡ್ಡದಲ್ಲ" ಎಂದರೆ ಒಬ್ಬ ಮುದುಕ, "ಕೋಳಿನ ಕೇಳಿ ಮಸಾಲಿ ಅರಿತಾರೇನವ್ವ? ಒಯ್ಯೂದು ಒಯ್ಯಿರಿ, ನಮ್ಮನ್ಯಾಕ ಕೇಳ್ತೀರಿ" ಎಂದ. ಇನ್ನೊಬ್ಬಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಗಿಲಿಗೆ ಅಡ್ಡ ನಿಂತಳು. "ಮೊದಲ ನಿಮ್ಮ ಮನ್ಯಾಂದು ತಗೀರಿ ಟೀಚರ. ಹೇಳೂದು ಆಚಾರ, ತಿನ್ನೂದು ಬದ್ನಿಕಾಯಿ ಆಗಬಾರ್ದು!"

ನನಗೆ ಸಿಟ್ಟು ನೆತ್ತಿಗೇರಿತು. "ಬರ್ರಿ, ಎಲ್ಲಾರೂ ಬರ್ರಿ, ನಿಮ್ಮ ಕಣ್ಣ ಮುಂದ ಕೊಡ್ತೀನಿ" ಎಂದು ಬಿಳಿ ಅಂಗಿಯವರನ್ನು ನೇರ ನಮ್ಮ ಅಂಗಳಕ್ಕೇ ಕರೆದುಕೊಂಡು ಹೋದೆ.

ಅತ್ತೆ ರಂಪ ಮಾಡುತ್ತಾಳೆ ಎಂದು ಎದೆ ಗಟ್ಟಿ ಮಾಡಿಕೊಂಡಿದ್ದೆ. ಮಾಡಲಿಲ್ಲ. ಬುಟ್ಟಿ ಎತ್ತಿ ತಾನೇ ಒಂದೊಂದನ್ನೂ ಹಿಡಿದು ಕೊಟ್ಟಳು. ತಾನು ಮರಿಯಿಂದ ಸಾಕಿದ ಕೆಂಪು ಹುಂಜವನ್ನು ಕೊಡುವಾಗ ಮಾತ್ರ ಒಮ್ಮೆ ಅದರ ಬೆನ್ನು ಸವರಿದಳು. ಕರಿಯದು ಕಾಣಲಿಲ್ಲ.

"ಕರೇದು ಎಲ್ಲೈತತ್ತಿ?"

"ಅದು ಸತ್ತು ಹೋತವ್ವ. ಕಾಲವಿ ಕಡೆ ಒಗದು ಬಂದೆ." ಅವಳ ಕಣ್ಣು ತುಂಬಿ ಬಂತು. ಹರಕೆಯ ಹ್ಯಾಟಿ ಸತ್ತಿದ್ದಕ್ಕೆ ಅಳುತ್ತಾಳೆ ಎಂದುಕೊಂಡೆ. ಅವಳು ಹೇಳಿದ್ದನ್ನು ನಂಬಿದೆ.

ಬಿಳಿ ಅಂಗಿಯವರು ಅಡಿಗೆಮನೆ ನೋಡಿದರು, ಬಚ್ಚಲು ನೋಡಿದರು. ಒಳಕೋಣೆಯ ಬಾಗಿಲಿಗೆ ಬಂದಾಗ ಅತ್ತೆ, "ಬಸರಿ ಮಲಗ್ಯಾಳ್ರಿ ಯಪ್ಪಾ" ಎಂದಳು. ಅವರೂ ಮನೆಮಾರು ಇದ್ದವರು, ಹಿಂದೆ ಸರಿದರು.

ಊರ ಹೊರಗೆ ಹೊಂಡ ತೋಡಿ ಎಲ್ಲವನ್ನೂ ಹಾಕಿ, ಮೇಲೆ ಚೀಲಗಟ್ಟಲೆ ಸುಣ್ಣ ಸುರಿದರು. ಗಾಳಿ ಎದ್ದಾಗ ಆ ಬಿಳಿ ಪುಡಿ ಹಾರಿ ಬಂದು ಗಿಡದೆಲೆ, ನೀರಿನ ಹಂಡೆ, ಮಕ್ಕಳ ತಲೆಕೂದಲು ಎಲ್ಲದರ ಮೇಲೂ ಕೂತಿತು. ಮರುದಿನ ಊರಿನಲ್ಲಿ ಒಂದು ಹುಂಜವೂ ಕೂಗಲಿಲ್ಲ. ತನ್ನ ಕೋಳಿ ಕೂಗಿದರೇ ಬೆಳಗಾಗುತ್ತದೆ ಎಂದುಕೊಂಡ ಮುದುಕಿಯ ಕಥೆ ಹೇಳಿ ನಗುತ್ತಿದ್ದವರು ನಾವು. ಅಂದು ಬೆಳಗು ತಾನಾಗಿ ಆಯಿತು, ಆದರೆ ಯಾರಿಗೂ ನಗು ಬರಲಿಲ್ಲ.

ನನಗೆ ಹೊಸ ಕೆಲಸ ಬಿತ್ತು. ಮನೆಮನೆಗೆ ಹೋಗಿ, "ಯಾರಿಗರ ಜ್ವರ, ಕೆಮ್ಮು ಐತೇನ್ರಿ?" ಎಂದು ಕೇಳಿ ಬರುವುದು. ಮುಂಜಾನೆ ಹೋದವಳು ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದೆ. ರೇಣವ್ವ ಒಳಕೋಣೆ ಬಿಟ್ಟು ಬರುತ್ತಿರಲಿಲ್ಲ. ಸೊಂಟ ನೋವು ಎನ್ನುತ್ತಿದ್ದಳು. ಅತ್ತೆ ಅಲ್ಲಿ ಎರಡು ಹೊತ್ತೂ ಲೋಬಾನ ಹಾಕುತ್ತಿದ್ದಳು. ಬಸುರಿಗೆ ದೃಷ್ಟಿ ಆಗಬಾರದೆಂದು ಹಾಕುತ್ತಾಳೆ ಅಂದುಕೊಂಡೆ. ಊರವರ ಮನೆಯ ಜ್ವರ ಹುಡುಕುತ್ತ ತಿರುಗಿದವಳಿಗೆ ನನ್ನ ಮನೆಯ ಕೋಣೆಯೊಳಗೆ ಬುಟ್ಟಿ ಕೆಳಗೆ ಏನಿದೆ ಎಂಬುದು ತಿಳಿಯಲಿಲ್ಲ.

ಹೋಳಿಯ ಹಲಗೆಯ ಸದ್ದು ಶುರುವಾದ ದಿನ ರೇಣವ್ವನಿಗೆ ಜ್ವರ ಬಂತು. ಮರುದಿನ ಕೆಮ್ಮು. ಕಣ್ಣು ಕೆಂಡದ ಹಾಗೆ ಕೆಂಪಾದವು. ನಾನು ಮುಟ್ಟಿ ನೋಡಿ ಬೆಚ್ಚಿಬಿದ್ದೆ.

"ದವಾಖಾನಿಗೆ ಒಯ್ಯೂಣು ನಡೀರಿ."

"ಬಿಸಲ ಜ್ವರ ಅದು. ಕೊತ್ತಂಬರಿ ಬೀಜದ ಕಷಾಯ ಕೊಟ್ಟೀನಿ" ಎಂದಳು ಅತ್ತೆ, ನನ್ನ ಮುಖ ನೋಡದೆ.

"ಕಷಾಯ ನೀವ ಕುಡೀರಿ!" ಎಂದು ಒದರಿದೆ. ಯಮನೂರಪ್ಪ ಟೆಂಪೋ ತಂದ. ಹಿಂದೆ ಕೌದಿ ಹಾಸಿ ಮಲಗಿಸಿಕೊಂಡು ಕೊಪ್ಪಳಕ್ಕೆ ಹೋದೆವು.

ಅಲ್ಲಿದ್ದ ಡಾಕ್ಟರು ಇನ್ನೂ ಹರೆಯದವರು, ಒಳ್ಳೆಯ ಮನುಷ್ಯ. ಎದೆಗೆ ನಳಿಗೆ ಇಟ್ಟು ನೋಡಿದವರ ಮುಖ ಚಿಕ್ಕದಾಯಿತು.

"ನಿಮ್ಮೂರಾಗ ಕೋಳಿ ತಗದಾರಲ್ಲ? ಈಕಿ ಕೋಳಿ ಮುಟ್ಟಿದ್ಲೇನು? ಸತ್ತದ್ದು, ಬ್ಯಾನಿ ಬಿದ್ದದ್ದು?"

"ಕೋಳಿ ಎಲ್ಲಿ ಬಂತ್ರಿ ಸಾಹೇಬ್ರ. ಬಸರಿ, ಮನಿ ಬಿಟ್ಟು ಹೊರಗ ಬಂದಿಲ್ರಿ" ಎಂದಳು ಅತ್ತೆ. ರೇಣವ್ವನೂ ಇಲ್ಲ ಎಂದು ತಲೆ ಆಡಿಸಿದಳು. ಅವರು ನನ್ನ ಕಡೆ ತಿರುಗಿದರು. "ನಮ್ಮನ್ಯಾವು ಎಲ್ಲಾ ನಾನ ನಿಂತು ಕೊಡ್ಸೀನ್ರಿ" ಎಂದೆ. ನಮ್ಮ ಮನೆಯ ಮಟ್ಟಿಗೆ ಅದೇ ಖರೆ ಎಂದು ನಾನು ತಿಳಿದಿದ್ದೆ. ಅವರು ಬೇರೆ ಜ್ವರದ ಔಷಧ ಶುರುಮಾಡಿದರು.

ಮರುದಿನ ಮುಂಜಾನೆ ಅವಳ ಉಸಿರಿನ ಸದ್ದು ಕೇಳಿ ತಾಳಲಾಗುತ್ತಿರಲಿಲ್ಲ. ಪ್ರತಿ ಉಸಿರಿಗೂ ಪಕ್ಕೆ ಒಳಗೆ ಎಳೆಯುತ್ತಿತ್ತು. ಸಲೈನಿಗೆ ನರ ಸಿಗುತ್ತಿಲ್ಲ, ಬಳೆ ತೆಗೆಯಿರಿ ಎಂದಳು ನರ್ಸಮ್ಮ. ಕುಬಸದ ಬಳೆ ತೆಗೆಯಲು ಯಾವ ಹೆಣ್ಣಿಗೆ ಕೈ ಬಂದೀತು? ಆದರೂ ಸಾಬೂನು ನೀರು ಹಚ್ಚಿ ಒಂದೊಂದಾಗಿ ಜಾರಿಸಿದೆ. ಹಸಿರು ಬಳೆಗಳ ಹಿಂದೆ, ಮಣಿಕಟ್ಟಿಗೆ ಬಿಗಿದು ಕಟ್ಟಿದ ಒಂದು ಅರಿಶಿಣದ ದಾರ ಕಂಡಿತು. ಮಾಸಿತ್ತು. ಗಂಟಿನಲ್ಲಿ ಒಂದು ಕರಿಯ ಪುಕ್ಕದ ಎಳೆ ಸಿಕ್ಕಿಕೊಂಡಿತ್ತು.

ಆ ದಾರ ಯಾವುದೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

"ರೇಣಿ, ಇದು ನಿನ್ನ ಕೈಗೆ ಹ್ಯಾಂಗ ಬಂತು?"

ಅವಳು ಕಣ್ಣು ಮುಚ್ಚಿದಳು. "ಅಕ್ಕಾ, ಬೈಬ್ಯಾಡ."

"ಬೈಯ್ಯಂಗಿಲ್ಲ. ನನ್ನವ್ವ, ಹೇಳು."

ಬಿಟ್ಟು ಬಿಟ್ಟು ಹೇಳಿದಳು. ಹ್ಯಾಟಿ ಸತ್ತಿರಲಿಲ್ಲ. ಅತ್ತೆ ಅದನ್ನು ಅವಳ ಕೋಣೆಯಲ್ಲಿ, ಮಂಚದ ಕೆಳಗೆ ಬುಟ್ಟಿಯಲ್ಲಿ ಮುಚ್ಚಿಟ್ಟಿದ್ದಳು. ದೇವಿಯ ಸೊತ್ತನ್ನು ಹೊಂಡಕ್ಕೆ ಹಾಕಿಸುವುದು ಹೇಗೆ? ಹಾಕಿಸಿದರೆ ಹೊಟ್ಟೆಯೊಳಗಿನ ಕೂಸಿನ ಗತಿ? ಆಮೇಲೆ ಹ್ಯಾಟಿಗೂ ಬ್ಯಾನೆ ಬಂತು. ರೇಣವ್ವ ಅದನ್ನು ತೊಡೆಯ ಮೇಲಿಟ್ಟುಕೊಂಡು ಜೊಲ್ಲು ಒರೆಸಿದಳು, ಹನಿಹನಿಯಾಗಿ ನೀರು ಬಿಟ್ಟಳು. ಕತ್ತು ಚೆಲ್ಲಿದಾಗ ಕೊಕ್ಕು ಬಿಡಿಸಿ ಬಾಯಲ್ಲಿ ಉಸಿರು ಊದಿದಳು.

"ಒಮ್ಮೆ ಕಣ್ಣ ತೆರೀತಕ್ಕ. ನನ್ನ ನೋಡ್ತು. ಉಳೀತು ಅಂದ್ಕೊಂಡೆ."

"ಊದು ಅಂತ ಯಾರು ಹೇಳಿದ್ರು ನಿನಗ?"

"ಯಾರೂ ಹೇಳಿಲ್ಲ. ನಾನ ಊದಿದೆ." ಉಸಿರು ಎಳೆದುಕೊಂಡು ಮತ್ತೆ ಎಂದಳು, "ಅದು ಹೋದಮ್ಯಾಲೆ ದಾರ ನಾ ಕಟ್ಗೊಂಡೆ. ಹ್ಯಾಟಿ ಬದಲಿ ನನ್ನ ತಗೋ ತಾಯಿ, ಕೂಸು ಬಿಡು ಅಂತ ಕೇಳ್ಕೊಂಡೀನಿ. ದಾರ ಬಿಚ್ಚಬ್ಯಾಡಕ್ಕ."

ನಾನು ಡಾಕ್ಟರ ಹತ್ತಿರ ಓಡಿದೆ. ಹೇಳುವಾಗ ನಾಲಿಗೆ ತೊದಲಿತು. ಅವರು ಪೂರ್ತಿ ಕೇಳಲೂ ಇಲ್ಲ, ಎದ್ದು ನಡೆದೇಬಿಟ್ಟರು. ಗಳಿಗೆಯೊಳಗೆ ಅವಳನ್ನು ಬೇರೆ ಕೋಣೆಗೆ ಸಾಗಿಸಿದರು. ಇದಕ್ಕೆಂದೇ ಇಟ್ಟಿದ್ದ ಮಾತ್ರೆ ತಂದರು, ಗಂಟಲ ದ್ರವ ತೆಗೆದು ಪರೀಕ್ಷೆಗೆ ಕಳಿಸಿದರು. ನಮಗೆಲ್ಲ ಮುಖಕ್ಕೆ ಮುಸುಕು ಕಟ್ಟಿಸಿದರು.

"ಈ ಮಾತ್ರಿ ಮೊದಲ ಕೊಟ್ಟಷ್ಟು ಛಲೋ ತಾಯಿ. ನಿನ್ನೆ ಹೇಳಿದ್ರ ಭಾಳ ಛಲೋ ಇತ್ತು" ಎಂದರು ಡಾಕ್ಟರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹೊರಗೆ ಬಂದು ನಾನು ಅತ್ತೆಯ ಮೇಲೆ ಬಿದ್ದೆ. ಆಸ್ಪತ್ರೆ ಎಂದು ನೋಡಲಿಲ್ಲ, ಮಂದಿ ಎಂದು ನೋಡಲಿಲ್ಲ. "ಕೊಂದ್ಯಲ್ಲೇ ಮುದುಕಿ! ಬಂಗಾರದಂಥಾ ಹುಡಿಗಿನ ಕೊಂದ್ಯಲ್ಲ!" ಅತ್ತೆ ಗೋಡೆಗುಂಟ ಜಾರಿ ನೆಲಕ್ಕೆ ಕೂತಳು. "ಹ್ಯಾಟಿ ಹೋದ್ರ ಕೂಸು ಹೋಗ್ತಿತ್ತಲ್ಲವ್ವ" ಎಂದಳು. ಅಷ್ಟೇ ಅಂದಳು. ಅದನ್ನೇ ಮತ್ತೆ ಮತ್ತೆ ಅಂದಳು. ಯಮನೂರಪ್ಪ ಅವ್ವನನ್ನೂ ನೋಡಲಾರದೆ ನನ್ನನ್ನೂ ನೋಡಲಾರದೆ ಕಿಟಕಿಯ ಸರಳು ಹಿಡಿದು ನಿಂತಿದ್ದ.

ಮಧ್ಯಾಹ್ನ ಹುಬ್ಬಳ್ಳಿಗೆ ಒಯ್ಯಬೇಕೆಂದರು. ಆಂಬುಲೆನ್ಸಿನಲ್ಲಿ ಒಬ್ಬರಿಗೆ ಮಾತ್ರ ಜಾಗ. ಅತ್ತೆಯನ್ನು ನಿಗಾದಲ್ಲಿಡಬೇಕೆಂದು ಊರಿಗೇ ಕಳಿಸಿದರು. ಅವಳು ರೇಣವ್ವನ ಮುಖ ನೋಡಿದ್ದು ಅದೇ ಕೊನೆ, ಅದೂ ಗಾಜಿನ ಆಚೆಯಿಂದ. ನಾನು ಹತ್ತಿದೆ. ಹೊರಗೆ ಬಿಸಿಲು ರಸ್ತೆಯ ಮೇಲೆ ನೀರಿನಂತೆ ಅಲೆಯಾಡುತ್ತಿತ್ತು. ಭಾನಾಪುರ ದಾಟಿತು. ರೇಣವ್ವ ಆಕ್ಸಿಜನ್ ಮುಸುಕಿನೊಳಗಿಂದ ಏನೋ ಅಂದಳು. ಕಿವಿ ಹತ್ತಿರ ತಂದೆ.

"ತಳಕಲ್ಲ ಬಂತೇನಕ್ಕ?"

ಕಿಟಕಿಯಲ್ಲಿ ನೋಡಿದೆ. ಬೇವಿನ ಗಿಡ, ಬಸ್ಸಿಗೆ ನಿಂತ ಮಂದಿ, ಊರೊಳಗೆ ಹೋಗುವ ದಾರಿ. "ಬಂತವ್ವ" ಎಂದೆ.

"ಇಳಸ್ರಿ ನನ್ನ."

ಗಾಡಿ ನಿಲ್ಲಲಿಲ್ಲ. ನಿಲ್ಲುವಂತಿರಲಿಲ್ಲ. ಅವಳ ಕಣ್ಣು ಕಿಟಕಿಯ ಕಡೆಗೇ ಇತ್ತು. ಬೇವಿನ ಗಿಡ ಹಿಂದೆ ಸರಿಯಿತು, ದಾರಿ ಹಿಂದೆ ಸರಿಯಿತು. ನಾನು ಕೈಗವಸಿನ ಕೈಯಲ್ಲೇ ಅವಳ ಕೈ ಹಿಡಿದೆ. ಅದಕ್ಕಿಂತ ಹೆಚ್ಚು ನನ್ನಿಂದ ಏನಾಗುತ್ತಿತ್ತು?

ಹುಬ್ಬಳ್ಳಿಯಲ್ಲಿ ಅವಳ ಉಸಿರಿಗೆ ಯಂತ್ರ ಹಚ್ಚಿದರು. ತಾಯಿ ಉಳಿಯುವುದು ಕಷ್ಟ, ಕೂಸನ್ನಾದರೂ ತೆಗೆಯೋಣ ಎಂದರು. ಕೊಯ್ದು ತೆಗೆದ ಕೂಸು ಅಂಗೈ ಮೇಲೆ ಕೂಡುವಷ್ಟಿತ್ತು. ಹೆಣ್ಣು. ಗಾಜಿನ ಪೆಟ್ಟಿಗೆಯಲ್ಲಿಟ್ಟರು. ರೇಣವ್ವ ಅದನ್ನು ಕಾಣಲಿಲ್ಲ, ಅಳು ಸಹ ಕೇಳಲಿಲ್ಲ. ಎಚ್ಚರ ಬಾರದೆಯೇ ಹೋದಳು. ಕೋಳಿಯಿಂದ ಬಂದ ಜ್ವರವೇ ಹೌದು ಎಂಬ ಸುದ್ದಿ ಪರೀಕ್ಷೆಯಿಂದ ಬಂದದ್ದು ಅವಳು ಹೋದಮೇಲೆ. ನಮಗೆ ಅದನ್ನು ಕೇಳುವ ಅಗತ್ಯವೂ ಉಳಿದಿರಲಿಲ್ಲ.

ಕೂಸನ್ನು ಅಲ್ಲಿಯ ನರ್ಸಮ್ಮನಿಗೆ ಒಪ್ಪಿಸಿ ನಾನು ಹೆಣದ ಜೊತೆ ಊರಿಗೆ ಹೊರಟೆ. ಮೈತುಂಬ ಪ್ಲಾಸ್ಟಿಕ್ಕು ಸುತ್ತಿದ್ದರು. ಮುತ್ತೈದೆಯಾಗಿ ಸತ್ತವಳಿಗೆ ಸ್ನಾನವಿಲ್ಲ, ಅರಿಶಿಣ ಕುಂಕುಮವಿಲ್ಲ, ಉಡಿ ತುಂಬುವುದೂ ಇಲ್ಲ. ತೆಗೆಯುವಂತಿಲ್ಲ, ಮುಟ್ಟುವಂತಿಲ್ಲ. ತಳಕಲ್ಲಿನ ಹತ್ತಿರ ಅವಳ ತಾಯಿ ಮೊರದಲ್ಲಿ ಅಕ್ಕಿ, ಕೊಬ್ಬರಿ, ಹಸಿರು ಖಣ, ಅರಿಶಿಣ ಇಟ್ಟುಕೊಂಡು ರಸ್ತೆಯ ಬದಿಗೆ ನಿಂತಿದ್ದಳು. ಡ್ರೈವರು ನಾನು ಹೇಳದೆಯೇ ಗಾಡಿ ನಿಧಾನ ಮಾಡಿದ. ಆ ತಾಯಿ ಗಾಡಿಯ ಜೊತೆ ಓಡುತ್ತ ಓಡುತ್ತ ಗಾಜಿಗೆ ಅರಿಶಿಣ ಎರಚಿದಳು. "ಉಡ್ಯಾಗ ಹಾಕ್ಕೊಳವ್ವ, ಹಾಕ್ಕೊಂಡು ಹೋಗವ್ವ" ಎಂದು ಕೂಗಿದಳು. ಹಿಟ್ನಾಳದತನಕ ಆ ಹಳದಿ ಗಾಜಿನ ಮೇಲೆ ಇತ್ತು.

ಹೊಲದ ಅಂಚಿಗೆ ಆಳದ ಕುಣಿ ತೋಡಿದ್ದರು. ಬಿಳಿ ಅಂಗಿ ತೊಟ್ಟವರೇ ಇಳಿಸಿದರು. ಮೇಲೆ ಚೀಲ ಬಿಚ್ಚಿ ಸುಣ್ಣ ಸುರಿದರು. ಕೋಳಿಗಳ ಮೇಲೆ ಸುರಿದಿದ್ದ ಅದೇ ಸುಣ್ಣ, ಅದೇ ಚೀಲ. ಯಮನೂರಪ್ಪ ಅಲ್ಲಿಯೇ ಮಣ್ಣಿಗೆ ತಲೆ ಬಡಿದುಕೊಂಡ. ಅತ್ತೆಯನ್ನು ಹತ್ತಿರ ಬಿಡಲಿಲ್ಲ. ದೂರದ ಬದುವಿನ ಮೇಲೆ ಒಬ್ಬಳೇ ನಿಂತಿದ್ದಳು. ಅಳಲಿಲ್ಲ. ಅವಳ ಕೈ ಕತ್ತಿನ ಮೇಲಿತ್ತು.

ಆಮೇಲಿನ ದಿನಗಳಲ್ಲಿ ನಮ್ಮ ಮನೆಯತ್ತ ಯಾರೂ ಹಾಯಲಿಲ್ಲ. ಹಾಲಿನವನು ಬರಲಿಲ್ಲ, ನೀರಿನ ನಳದ ಹತ್ತಿರ ನಮ್ಮ ಕೊಡ ಕಂಡರೆ ಹೆಂಗಸರು ದೂರ ಸರಿದರು. ಮಾತ್ರೆ ಕೊಡುವ ನರ್ಸಮ್ಮ ದಿನವೂ ಅಂಗಳದಲ್ಲಿ ನಿಂತು ಜ್ವರ ನೋಡಿ ಹೋಗುತ್ತಿದ್ದಳು. ಕೂಸನ್ನು ನೋಡಿಕೊಂಡು ಹುಬ್ಬಳ್ಳಿಯಿಂದ ನಾನು ಬಂದಾಗಲೆಲ್ಲ ನೋಡುತ್ತಿದ್ದೆ, ನರ್ಸಮ್ಮ ಹೋದಮೇಲೂ ಅತ್ತೆ ತನ್ನ ಹಣೆ ಮುಟ್ಟುವಳು, ಕತ್ತು ಮುಟ್ಟುವಳು. ಕೂತಲ್ಲಿ, ನಿಂತಲ್ಲಿ ಅದೇ. ನನಗೆ ಮೈ ಉರಿದುಹೋಯಿತು. "ಸಾಯಾಕ ಇಷ್ಟ್ಯಾಕ ಅಂಜ್ತೀರಿ ಅತ್ತಿ? ನಿಮಗೇನೂ ಆಗಂಗಿಲ್ಲ, ಗುಂಡಕಲ್ಲ ಇದ್ದಂಗ ಇರ್ತೀರಿ" ಎಂದೆ. ಅವಳು ನನ್ನನ್ನು ನೋಡಿದಳು. ಏನೋ ಹೇಳಲು ಬಾಯಿ ತೆರೆದು, ಮುಚ್ಚಿಕೊಂಡಳು.

ಯುಗಾದಿ ಕಳೆದಮೇಲೆ ಕೂಸು ಮನೆಗೆ ಬಂತು. ಹರಕೆಯ ಮಾತು ಯಾರೂ ಎತ್ತಲಿಲ್ಲ. ಅತ್ತೆ ಮತ್ತೆ ದ್ಯಾಮವ್ವನ ಕಟ್ಟೆ ಹತ್ತಲಿಲ್ಲ. ಯಮನೂರಪ್ಪ ಭತ್ತ ಕೊಯ್ಯುವ ಕೆಲಸಕ್ಕೆಂದು ಗಂಗಾವತಿ ಕಡೆಯ ಮರಳಿ ಎಂಬ ಊರಿಗೆ ಹೋದವನು ಅಲ್ಲಿಯೇ ಇನ್ನೊಂದು ಮದುವೆಯಾಗಿ ನಿಂತ. ದೀಪಾವಳಿಗೆ ಬರುತ್ತಾನೆ, ಮಗಳ ಮುಖ ನೋಡಿ ಬೇಗ ಹೊರಟುಹೋಗುತ್ತಾನೆ. ಅವಳ ನಗು ಅವ್ವನದೇ, ಅದಕ್ಕೆ ಇರಬೇಕು.

ಶಿಲ್ಪಾಳಿಗೆ ನಾವು ಹೇಳಿದ್ದು ಇಷ್ಟೇ, ನಿನ್ನವ್ವ ಜ್ವರ ಬಂದು ತೀರಿಕೊಂಡಳು ಎಂದು. ಆದರೆ ಹೋದ ವಾರ ಆ ಸಂಜೆ ಕೈಮೇಲೆ ನನ್ನ ಬೆರಳು ಮೂಡಿಸಿಕೊಂಡು ಕೂತಿದ್ದ ಹುಡುಗಿಗೆ ಇನ್ನೇನು ಸುಳ್ಳು ಹೇಳಲಿ? ಮರಿಗಳ ಡಬ್ಬಿಯನ್ನು ಸಂಘದವರಿಗೆ ತಿರುಗಿ ಕೊಟ್ಟು ಬಂದಳು. ಬಂದಮೇಲೆ ಎದುರಿಗೆ ಕೂರಿಸಿಕೊಂಡು ಎಲ್ಲ ಹೇಳಿದೆ. ಬುಟ್ಟಿಯದು, ದಾರದ್ದು, ತಳಕಲ್ಲಿನದು. ಅವಳು ಅಳದೆ ಕೇಳಿದಳು. ಎಲ್ಲ ಮುಗಿದಮೇಲೆ ಒಂದೇ ಮಾತು ಕೇಳಿದಳು.

"ಅಂದ್ರ ನನ್ನ ಸಲುವಾಗಿ ಊದಿದ್ಲೇನು ದೊಡ್ಡವ್ವ? ನಾ ಹೊಟ್ಯಾಗ ಇರಲಿಲ್ಲಂದ್ರ ಅವ್ವ ಇರ್ತಿದ್ಲು?"

ಇದೊಂದು ಪ್ರಶ್ನೆಗೆ ಹೆದರಿಯೇ ಇಷ್ಟು ವರ್ಷ ಬಾಯಿ ಕಟ್ಟಿಕೊಂಡಿದ್ದೆ. ಆಗ ಕಂಬದ ಕಡೆಯಿಂದ ಅತ್ತೆಯ ದನಿ ಬಂತು.

"ನಿನ್ನ ಸಲುವಾಗಿ ಅಲ್ಲವ್ವ. ಊದು ಅಂತ ನಾ ಹೇಳಿದ್ದೆ."

ನಾವಿಬ್ಬರೂ ತಿರುಗಿದೆವು.

"ಆಕಿ ಒಲ್ಲೆ ಅಂದ್ಲು. ವಾಸನಿ ಬರ್ತೈತಿ ಅತ್ತಿ, ವಾಂತಿ ಬರ್ತೈತಿ ಅಂದ್ಲು. ಮೊದಲ ನಾನ ಊದಿದೆ. ಮುದುಕಿ ಉಸರು, ಸಾಲಲಿಲ್ಲ. ಹ್ಯಾಟಿ ಕಣ್ಣ ತೆರೀಲಿಲ್ಲ. ನಿಂದು ಎಳೀ ಉಸರು ಐತಿ, ನೀ ಊದು ನನ್ನ ಮಗಳ ಅಂದೆ. ಕೈ ಮುಗದು ಅಂದೆ." ಅವಳು ಮಂಜುಗಣ್ಣನ್ನು ಶಿಲ್ಪಾ ಇದ್ದ ಕಡೆ ಹೊರಳಿಸಿದಳು. "ಒಂದ ಕೊಕ್ಕಿಗೆ ಇಬ್ಬರೂ ಬಾಯಿ ಹಚ್ಚಿದ್ವಿ. ಆಕಿಗೆ ಬಂತು. ನನಗ್ಯಾಕ ಬರಲಿಲ್ಲ?"

ದವಾಖಾನೆಯ ಮಂಚದ ಮೇಲೆ ಉಸಿರಿಲ್ಲದೆ ಒದ್ದಾಡುವಾಗಲೂ "ಯಾರೂ ಹೇಳಿಲ್ಲ, ನಾನ ಊದಿದೆ" ಎಂದಿದ್ದಳಲ್ಲ ರೇಣವ್ವ. ಸೋದರತ್ತೆಯನ್ನು ನನ್ನ ಬಾಯಿಂದ ಕಾಪಾಡಿ ಹೋಗಿದ್ದಳು. ಬದುವಿನ ಮೇಲೆ ನಿಂತು ಕತ್ತು ಮುಟ್ಟಿಕೊಳ್ಳುತ್ತಿದ್ದ ಮುದುಕಿ ಸಾವಿಗೆ ಅಂಜುತ್ತಾಳೆಂದು ನಾನು ತಿಳಿದಿದ್ದೆ. ಅವಳು ಜ್ವರದ ದಾರಿ ಕಾಯುತ್ತಿದ್ದಳು. ಇಂದಿಗೂ ಕಾಯುತ್ತಿದ್ದಾಳೆ.

ಶಿಲ್ಪಾ ಎದ್ದು ಹೋಗಿ ಅಜ್ಜಿಯ ಪಕ್ಕ ಕೂತು, ಆ ಸುಕ್ಕುಗಟ್ಟಿದ ಕತ್ತಿನ ಮೇಲೆ ತನ್ನ ಅಂಗೈ ಇಟ್ಟಳು.

"ತಣ್ಣಗೈತಿ ಆಯಿ. ಜ್ವರ ಇಲ್ಲ."

"ಇಲ್ಲಾ?" ಎಂದಳು ಅತ್ತೆ. "ಇನ್ನೊಮ್ಮೆ ಸರಿಯಾಗಿ ನೋಡವ್ವ."